ಕಥೆಗಾರನೂ ಓದುಗರ ಕೂಟವೂ

ಕಥೆ ಬರೆಯುವವನಿಗೆ ಓದೆಂಬುದು ವ್ಯಾಸಂಗವೋ ವ್ಯಸನವೋ ಎಂಬ ಪ್ರಶ್ನೆಯನ್ನು ನಮ್ಮ ಮನೆಯವರು ಆಗಾಗ ಎತ್ತುವುದುಂಟು. ಅಟ್ಟದ ಮೇಲೂ ಮಂಚದ ಕೆಳಗೂ, ಕಡೆಗೆ ಅಡುಗೆಮನೆಯ ಉಪ್ಪಿನಕಾಯಿ ಜಾಡಿಗಳ ಹಿಂದಿನ ಗೂಡಿನಲ್ಲಿಯೂ ಪುಸ್ತಕಗಳು ಬೀಡುಬಿಟ್ಟಿರುವುದನ್ನು ಕಂಡವರಾರೂ ಆ ಪ್ರಶ್ನೆಯನ್ನು ಅನ್ಯಾಯವೆನ್ನಲಾರರು. ವ್ಯಸನವೆಂದೇ ಇಟ್ಟುಕೊಂಡರೂ ಇದು ತುಸು ವಿಲಕ್ಷಣವಾದ ವ್ಯಸನ. ಸಹಜ ಓದುಗನು ಕಾದಂಬರಿಯೊಂದನ್ನು ಹಿಡಿದರೆ ಅದರೊಳಗಿನ ಊರಿಗೆ ಹೋಗಿ, ಅಲ್ಲಿಯ ಜಾತ್ರೆಯಲ್ಲಿ ಅಲೆದು, ಅಲ್ಲಿಯ ಸಾವಿಗೆ ಎರಡು ಹನಿ ಕಣ್ಣೀರು ಸುರಿಸಿ, ಹಗುರಾದ ಮನಸ್ಸಿನಿಂದ ಹಿಂದಿರುಗುತ್ತಾನೆ. ಕಥೆಗಾರನಾದರೋ ಮದುವೆಮನೆಗೆ ಅತಿಥಿಯಾಗಿ ಹೋದ ಅಡುಗೆಯವನಂತೆ: ಎಲೆಯ ಮುಂದೆ ಕುಳಿತಿದ್ದರೂ ಅವನ ಲಕ್ಷ್ಯವೆಲ್ಲ ಹುಳಿಯ ಹದದಲ್ಲಿ, ಒಗ್ಗರಣೆಯ ಇಂಗಿನಲ್ಲಿ. ಮಾಸ್ತಿಯವರ ಕಥೆಯೊಂದನ್ನು ಓದುವಾಗ, ತಾವು ಯಾರಿಂದಲೋ ಕೇಳಿದ್ದನ್ನು ಹೇಳುತ್ತಿರುವವರಂತೆ ಅವರು ಮೆಲ್ಲಗೆ ಮಾತು ತೆಗೆದು, ಎಲ್ಲಿಯೂ ದನಿಯೇರಿಸದೆ, ನಮ್ಮನ್ನು ದುಃಖದ ಹೊಸ್ತಿಲವರೆಗೆ ಕರೆದುಕೊಂಡು ಹೋದ ಬಗೆ ಹೇಗೆ ಎಂದು ಪುಟ ಹಿಂದಕ್ಕೆ ಮುಂದಕ್ಕೆ ತಿರುವುತ್ತ ಕುಳಿತರೆ, ದುಃಖಪಡಬೇಕಾದ ಹೊತ್ತು ಕಳೆದೇ ಹೋಗಿರುತ್ತದೆ.

ಆದರೂ ಈ ವ್ಯಸನವನ್ನು ಬಿಡುವ ಮಾತು ದೂರವಿರಲಿ, ಅದರ ವ್ಯಾಪ್ತಿಯನ್ನು ಇನ್ನಷ್ಟು ಹಿಗ್ಗಿಸಬೇಕೆಂಬುದೇ ನನ್ನ ಪಕ್ಷ. ಕಥೆಗಾರನು ಕಥೆಗಳನ್ನು ಮಾತ್ರವೇ ಓದುತ್ತ ಬಂದರೆ ಅವನ ಬರವಣಿಗೆಯಿಂದ ಊರುಕೇರಿಗಳು ಒಂದೊಂದಾಗಿ ತೆರವಾಗಿ, ಪುಸ್ತಕಗಳು ಮಾತ್ರ ಉಳಿಯುತ್ತವೆ. ಅವನ ಪಾತ್ರಗಳು ಮತ್ತಾರದೋ ಪಾತ್ರಗಳ ದನಿಯಲ್ಲಿ ಮಾತನಾಡತೊಡಗುತ್ತವೆ. ನಮ್ಮ ಹಿರಿಯರು ಈ ಅಪಾಯವನ್ನು ಬಲ್ಲವರಾಗಿದ್ದರು. ‘ಚೋಮನ ದುಡಿ’ಯನ್ನೂ ‘ಮರಳಿ ಮಣ್ಣಿಗೆ’ಯನ್ನೂ ಬರೆದ ಶಿವರಾಮ ಕಾರಂತರೇ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ರಚಿಸಿದರು, 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅವರನ್ನು ಅರಸಿಬಂದುದು ಕಾದಂಬರಿಗಾಗಿಯಲ್ಲ, ‘ಯಕ್ಷಗಾನ ಬಯಲಾಟ’ವೆಂಬ ಗ್ರಂಥಕ್ಕಾಗಿ. ಎ. ಆರ್. ಕೃಷ್ಣಶಾಸ್ತ್ರಿಗಳು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಮೇಲೆ ಗ್ರಂಥವನ್ನೇ ಬರೆದರು. ಇನ್ನು ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಆ ಪುಸ್ತಕವನ್ನು ಯಾವ ಕಪಾಟಿನಲ್ಲಿಡಬೇಕೆಂದು ಗ್ರಂಥಪಾಲಕರು ತಲೆ ಕೆರೆದುಕೊಳ್ಳಲಿ. ಅದನ್ನು ಓದಿದ ಮೇಲೆ ಕಥೆಯೊಳಗೆ ‘ದಾರಿಯ ಪಕ್ಕದಲ್ಲಿ ಒಂದು ಮರವಿತ್ತು’ ಎಂದು ಬರೆಯಲು ಕೈ ಹಿಂಜರಿಯುತ್ತದೆ. ಯಾವ ಮರ, ಅದರ ಎಲೆ ಯಾವ ತಿಂಗಳಲ್ಲಿ ಉದುರುತ್ತದೆ, ತೊಗಟೆಯನ್ನು ಗೀರಿದರೆ ಏನು ಸ್ರವಿಸುತ್ತದೆ ಎಂದು ಯಾರೋ ಬೆನ್ನ ಹಿಂದೆ ನಿಂತು ಕೇಳುತ್ತಿರುವಂತೆ ಭಾಸವಾಗುತ್ತದೆ.

ಈ ‘ಹಸುರು ಹೊನ್ನ’ನ್ನು ನಾನಾಗಿ ಕೈಗೆತ್ತಿಕೊಂಡವನಲ್ಲ, ನಮ್ಮ ಓದುಗರ ಕೂಟ ಅದನ್ನು ನನ್ನ ಕೈಗೆ ತುರುಕಿತು. ಕೂಟಗಳ ಮೊದಲ ಉಪಕಾರವೇ ಇದು. ಏಕಾಂತದಲ್ಲಿ ನಮ್ಮ ರುಚಿ ನಮಗೆ ಬೇಲಿಯಾಗುತ್ತದೆ. ನಾಲ್ವರು ಕೂಡಿದಲ್ಲಿ ಬೇಲಿಯ ಆಚೆಗಿನ ಹೊಲದಲ್ಲಿಯೂ ಮೇಯಬೇಕಾಗುತ್ತದೆ.

ಕೂಡಿ ಓದುವುದು ಹೊರದೇಶದಿಂದ ಬಂದ ನಾಗರಿಕತೆಯೆಂದು ಭಾವಿಸುವವರಿದ್ದಾರೆ. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ಒಬ್ಬರು ರಾಗವಾಗಿ ಓದಿ, ಮತ್ತೊಬ್ಬರು ಅರ್ಥ ಹೇಳಿ, ಊರಿನವರೆಲ್ಲ ಜಗುಲಿಯ ಮೇಲೆ ಕುಳಿತು ಕೇಳುತ್ತಿದ್ದ ಪದ್ಧತಿಗೆ ಬೇರೆ ಯಾವ ಹೆಸರಿಡುತ್ತಾರೋ ನಾನರಿಯೆ. ಅಕ್ಷರ ಬಾರದವನೂ ಕರ್ಣನ ಪಕ್ಷ ವಹಿಸಿ ಅರ್ಥ ಹೇಳುವವರೊಡನೆ ವಾದಕ್ಕೆ ನಿಲ್ಲಬಹುದಾಗಿದ್ದ ಆ ಸಭೆಗಿಂತ ಉದಾರವಾದ ಕೂಟ ಇನ್ನೊಂದುಂಟೇ? ಮುಂದೆ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ನೆರೆಯಿತು; ಅದೇ ಊರಿನಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟ ಲೇಖಕರ ಹರಟೆಗೆ ಹೆಸರಾಯಿತು, ಬೆಂಗಳೂರಿನಲ್ಲಿ ಡಿ. ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ, ಅಲ್ಲಿ ತರುಣರನ್ನು ಕೂರಿಸಿಕೊಂಡು ಗ್ರಂಥಗಳ ಅಧ್ಯಯನ ನಡೆಸಿದರು.

ನಮ್ಮ ಕೂಟಕ್ಕೆ ಇಂಥ ಯಾವ ಮಹತ್ತ್ವಾಕಾಂಕ್ಷೆಯೂ ಇಲ್ಲ. ತಿಂಗಳಿಗೊಮ್ಮೆ, ಭಾನುವಾರದ ಸಂಜೆ, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ನಿವೃತ್ತರಾದ ಮೇಷ್ಟರೊಬ್ಬರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು, ಪುಸ್ತಕವನ್ನು ಕಿವಿಗೆ ತಂತಿ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಕೇಳಿಸಿಕೊಂಡೇ ಬರುವ ಎಂಜಿನಿಯರ್ ತರುಣ (ಜಗುಲಿಯ ಕಾಲಕ್ಕೆ ಮರಳಿದವನು ನಮ್ಮೊಳಗೆ ಅವನೊಬ್ಬನೇ ಎಂದು ನಾನು ತಮಾಷೆ ಮಾಡುವುದುಂಟು), ದೊಡ್ಡ ಅವಿಭಕ್ತ ಕುಟುಂಬಕ್ಕೆ ಬಹುಕಾಲ ಅಡುಗೆ ಮಾಡಿ ಬಡಿಸಿ ಈಗ ಬಿಡುವು ಕಂಡ ಹಿರಿಯರಾದ ಅಮ್ಮನವರೊಬ್ಬರು. ಇವರಲ್ಲದೆ, ಪುಸ್ತಕದ ಮುಖವನ್ನೇ ನೋಡದೆ ಕೋಡುಬಳೆಯ ವಾಸನೆಯ ಜಾಡು ಹಿಡಿದು ಬರುವ ಸದಸ್ಯರೂ ಉಂಟು. ಅವರನ್ನು ನಾವು ಹೊರಗಿಟ್ಟಿಲ್ಲ. ಓದದವನು ಕೇಳುವ ‘ಆಮೇಲೇನಾಯಿತು?’ ಎಂಬ ಪ್ರಶ್ನೆಗೆ ಉತ್ತರ ಹೇಳಹೊರಟಾಗಲೇ ಕಥೆಯ ಸಂವಿಧಾನ ಗಟ್ಟಿಯಾಗಿದೆಯೋ ಜಾಳಾಗಿದೆಯೋ ಎಂಬುದು ಬಯಲಾಗುವುದು.

1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಕೂಟದಲ್ಲಿ ಓದಿದ ಸಂಜೆಯನ್ನು ಇಲ್ಲಿ ಹೇಳಲೇಬೇಕು. ಮೇಷ್ಟರು ಧರ್ಮಶಾಸ್ತ್ರದ ಜಿಜ್ಞಾಸೆಯಿಂದ ಮೊದಲುಮಾಡಿದರು. ನಾನು ಪ್ರಾಣೇಶಾಚಾರ್ಯರ ಅಂತರಂಗವನ್ನು ನಿರೂಪಿಸುವ ತಂತ್ರದ ಬಗೆಗೆ ಏನೇನೋ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡ ಅಮ್ಮನವರು, “ನನಗೆ ಇದು ಹಸಿವಿನ ಕಥೆ ಅನ್ನಿಸ್ತಪ್ಪ” ಎಂದರು. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಬಿದ್ದಿರುವ ತನಕ ಯಾರೂ ಉಣ್ಣುವಂತಿಲ್ಲ. ದುರ್ವಾಸಪುರದ ಬ್ರಾಹ್ಮಣರು ಶಾಸ್ತ್ರದ ಉತ್ತರಕ್ಕಾಗಿ ಕಾಯುವುದರ ಜೊತೆಗೆ ಊಟಕ್ಕಾಗಿಯೂ ಕಾಯುತ್ತಿದ್ದಾರೆ. ಉಪವಾಸದಿಂದ ಬಳಲಿದ ಆಚಾರ್ಯರಿಗೆ ಕಾಡಿನ ಕತ್ತಲೆಯಲ್ಲಿ ಚಂದ್ರಿ ಬಾಳೆಹಣ್ಣನ್ನು ಸುಲಿದು ಕೊಡುತ್ತಾಳೆ. ಕಡೆಗೆ ಮೇಳಿಗೆಯ ಜಾತ್ರೆಯಲ್ಲಿ ಅವರು ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಕುಳಿತುಬಿಡುತ್ತಾರೆ. ಮೊದಲಿನಿಂದ ಕಡೆಯವರೆಗೆ ಎಲೆಯನ್ನೇ ಹಿಂಬಾಲಿಸಿಕೊಂಡು ಬಂದಿದ್ದರು ಆ ತಾಯಿ. ಮೇಷ್ಟರು, “ಅಲ್ಲ ತಾಯಿ, ಇದು ಜಿಜ್ಞಾಸೆಯ ಕೃತಿ” ಎಂದು ಆಕ್ಷೇಪಿಸಿದರೆ, “ಇರಬಹುದು ಮೇಷ್ಟ್ರೇ, ಜಿಜ್ಞಾಸೆ ಮಾಡೋರಿಗೂ ಹೊಟ್ಟೆ ಅನ್ನೋದು ಇರುತ್ತಲ್ಲ” ಎಂದು ಅವರು ಕಾಫಿಯ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಆ ರಾತ್ರಿ ನಾನು ಕಾದಂಬರಿಯನ್ನು ಮತ್ತೊಮ್ಮೆ ಬಿಡಿಸಿ ನೋಡಿದೆ. ಅನ್ನದ ಆ ಎಳೆ ಅಲ್ಲಿ ಹಾಸುಹೊಕ್ಕಾಗಿತ್ತು. ಸಿದ್ಧಾಂತದಷ್ಟೇ ಬಲವಾಗಿ ಅದೂ ಕಥೆಯನ್ನು ಹೊತ್ತು ನಡೆಯುತ್ತಿತ್ತು.

1967ರ ‘ಮಲೆಗಳಲ್ಲಿ ಮದುಮಗಳು’ ಬಂದಾಗಲೂ ಹೀಗೆಯೇ ಆಯಿತು. ಕುವೆಂಪು ಅವರ ಆ ಮಹಾಕಾದಂಬರಿ ಒಂದು ತಿಂಗಳಿಗೆ ಮುಗಿಯುವಂಥದಲ್ಲವಾದ್ದರಿಂದ ಮಳೆಗಾಲ ಪೂರ್ತಿ ಅದರಲ್ಲಿಯೇ ತಂಗಿದೆವು. ಅಷ್ಟೊಂದು ಜನ ಹುಟ್ಟಿ, ಮದುವೆಯಾಗಿ, ಓಡಿಹೋಗಿ, ಸಾಯುವ ಕೃತಿಯಲ್ಲಿ ನಮ್ಮವರೆಲ್ಲರೂ ಒಮ್ಮತದಿಂದ ಮರುಗಿದ್ದು ಗುತ್ತಿಯ ನಾಯಿ ಹುಲಿಯನಿಗಾಗಿ. ತುಂಗೆಯ ಪ್ರವಾಹ ಅದನ್ನು ಕೊಂಡೊಯ್ಯುವ ಭಾಗಕ್ಕೆ ಬಂದಾಗ ಬ್ಯಾಂಕಿನ ಹುಡುಗಿ ಮಾತು ನಿಲ್ಲಿಸಿ ಕಿಟಕಿಯ ಕಡೆಗೆ ತಿರುಗಿ ಕುಳಿತಳು. ಪಾತ್ರಗಳನ್ನು ಪ್ರಧಾನ, ಅಪ್ರಧಾನ ಎಂದು ಪಟ್ಟಿ ಮಾಡಿಕೊಂಡು ಬರೆಯಲು ಕೂರುವ ನನ್ನಂಥವನಿಗೆ ಇದು ಯಾವ ಅಲಂಕಾರಶಾಸ್ತ್ರವೂ ಕಲಿಸದ ಪಾಠ. ಓದುಗನ ಪ್ರೀತಿ ಎಲ್ಲಿ ಹೋಗಿ ನಿಲ್ಲುವುದೋ ಲೇಖಕನು ನಿರ್ಣಯಿಸಲಾರ. ಅದು ನಿಲ್ಲುವುದಕ್ಕೆ ಬೇಕಾದ ಜಾಗಗಳನ್ನು ಸಾಕಷ್ಟು ಬಿಟ್ಟಿರಬೇಕು, ಅಷ್ಟೆ.

ಕೂಟಗಳಿಂದ ಬರವಣಿಗೆಯ ಏಕಾಗ್ರತೆ ಕೆಡುವುದೆಂದು ಹೇಳುವ ಲೇಖಕ ಮಿತ್ರರಿದ್ದಾರೆ. ಬರೆಯುವ ಹೊತ್ತಿನಲ್ಲಿ ಹತ್ತು ಜನರ ಅಭಿಪ್ರಾಯ ಕಿವಿಯಲ್ಲಿ ಗುಂಯ್‌ಗುಟ್ಟಿದರೆ ಲೇಖನಿ ಸಾಗದೆಂಬುದು ದಿಟವೇ. ಆದುದರಿಂದ ನನ್ನ ಹಸ್ತಪ್ರತಿಯನ್ನು ನಾನು ಎಂದೂ ಕೂಟಕ್ಕೆ ಒಯ್ದವನಲ್ಲ, ಒಯ್ಯುವವನೂ ಅಲ್ಲ. ನಾನು ಅಲ್ಲಿಗೆ ಹೋಗುವುದು ಶುದ್ಧ ಓದುಗನಾಗಿ, ಇತರರು ಓದುವುದನ್ನು ಓದುವುದಕ್ಕಾಗಿ.

ನಿಮ್ಮ ಬೀದಿಯಲ್ಲಿ ಇಂಥದೊಂದು ಕೂಟವಿಲ್ಲದಿದ್ದರೆ, ಓದುಗ ಮಹಾಶಯರೇ, ಇಬ್ಬರು ನೆರೆಯವರನ್ನೂ ಒಂದು ಪುಸ್ತಕವನ್ನೂ ಕೂಡಿಸಿಕೊಂಡು ಮುಂದಿನ ಭಾನುವಾರವೇ ಆರಂಭಿಸಿಬಿಡಿ. ಅಧ್ಯಕ್ಷರು, ಕಾರ್ಯದರ್ಶಿ, ವಂದನಾರ್ಪಣೆ ಇವಾವುವೂ ಬೇಡ. ಮುಖ್ಯವಾಗಿ, ಪುಸ್ತಕ ಬರೆದವನನ್ನು ಕರೆಯಬೇಡಿ. ಅವನು ತಾನಾಗಿಯೇ ಬಂದುಬಿಟ್ಟರೆ ಕಾಫಿ ಕೊಟ್ಟು, ಒಂದು ಮೂಲೆಯಲ್ಲಿ ಸುಮ್ಮನೆ ಕೂರಿಸಿರಿ.