ಅಂಚಿನಲ್ಲಿ ಬರೆದ ಸಾಲು

1978ರಲ್ಲಿ ನಾನು ಕೆಲಸಕ್ಕೆ ಸೇರಿದ ಬೆಂಗಳೂರಿನ ಕಾರ್ಖಾನೆಯಲ್ಲಿ ಸಂಬಳದ ಲೆಕ್ಕವೆಲ್ಲ ಕೋಬಾಲ್‌ನಲ್ಲಿತ್ತು. ಕೋಡಿಂಗ್ ಹಾಳೆಯ ಮೇಲೆ ಬರೆದುಕೊಟ್ಟರೆ ಪಂಚ್ ಆಪರೇಟರುಗಳು ಸಾಲಿಗೊಂದು ಕಾರ್ಡಿನಂತೆ ತೂತು ಕೊರೆದು ಕೊಡುತ್ತಿದ್ದರು. ಕಾರ್ಡಿಗೆ 80 ಕಾಲಂ. ಪ್ರೋಗ್ರಾಮಿಗೆ ದಕ್ಕುತ್ತಿದ್ದದ್ದು 8ರಿಂದ 72ರವರೆಗೆ. ಕಟ್ಟಿನ ನೆತ್ತಿಯ ಮೇಲೆ ಪೆನ್ನಿನಿಂದ ಒಂದು ಓರೆಗೆರೆ ಎಳೆದಿಡುತ್ತಿದ್ದೆವು. ಕಟ್ಟು ಕೈಜಾರಿ ಚೆಲ್ಲಿದರೆ ಗೆರೆ ಕೂಡುವಂತೆ ಮತ್ತೆ ಜೋಡಿಸಬಹುದಿತ್ತು. ನನಗೆ ಸಿಕ್ಕ ಮೊದಲ ಸಲಕರಣೆ ಆ ಗೆರೆ.

ಸಂಜೆ ಕೊಟ್ಟ ಕಟ್ಟಿಗೆ ಬೆಳಿಗ್ಗೆ ಪ್ರಿಂಟೌಟ್ ಬರುತ್ತಿತ್ತು. ಎಲ್ಲೋ ಒಂದು ಪೂರ್ಣವಿರಾಮ ಬಿಟ್ಟುಹೋಗಿದ್ದರೆ ಅದರ ಕೆಳಗೆ ಮೂವತ್ತು ತಪ್ಪು, ಅದರಲ್ಲಿ ಇಪ್ಪತ್ತೊಂಬತ್ತು ಸುಳ್ಳು. ಒಂದು ಚುಕ್ಕೆಗೆ ಒಂದು ದಿನ ಹೋಗುತ್ತಿತ್ತು. ಆದ್ದರಿಂದ ಕಟ್ಟು ಒಳಗೆ ಕೊಡುವ ಮುಂಚೆ ಬೆರಳಿಟ್ಟು ಸಾಲು ಸಾಲನ್ನೂ ಮನಸ್ಸಿನಲ್ಲೇ ಓಡಿಸುತ್ತಿದ್ದೆವು. ನನ್ನ ಮೇಲಿನ ಹಿರಿಯರೊಬ್ಬರು ಪ್ರಿಂಟೌಟಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಕನ್ನಡದಲ್ಲೇ ಗುರುತು ಹಾಕುತ್ತಿದ್ದರು. ದಿನಾಂಕದಿಂದ ಒಂದು ಕಳೆಯುವ ಸಾಲಿನ ಪಕ್ಕ ಅವರು ಬರೆದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ‘ಮೂರನೇ ಪಾಳಿ ನಡುರಾತ್ರಿ ದಾಟುತ್ತದೆ. ಹಾಜರಿ ಹಿಂದಿನ ದಿನಕ್ಕೆ.’

ಎಂಬತ್ತರ ದಶಕದ ನಡುವೆ ಗೆಳೆಯನೊಬ್ಬ ಟರ್ಬೊ ಪ್ಯಾಸ್ಕಲ್ ತೋರಿಸಿದ. 1983ರಲ್ಲಿ ಬೋರ್ಲೆಂಡ್ ಅದನ್ನು 49.95 ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತ್ತು. ಕಂಪೈಲರ್ ಬರೆದವರು ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್. ಎಡಿಟರೂ ಕಂಪೈಲರೂ ಒಂದೇ ಫೈಲಿನಲ್ಲಿ, 40 ಕೆ.ಬಿ.ಯೊಳಗೆ! ಬೇಕೆಂದೇ ಒಂದು ಸೆಮಿಕೋಲನ್ ಅಳಿಸಿ ಓಡಿಸಿದೆ. ಮೊದಲ ತಪ್ಪಿಗೇ ನಿಂತಿತು. ಎಸ್ಕೇಪ್ ಒತ್ತಿದರೆ ಕರ್ಸರ್ ಆ ಜಾಗದಲ್ಲೇ ಮಿನುಗುತ್ತಿದೆ. ಮೂವತ್ತು ತಪ್ಪಿನ ಪಟ್ಟಿಯಿಲ್ಲ, ರಾತ್ರಿಯಿಡೀ ಕಾಯುವುದಿಲ್ಲ. ಅದನ್ನು ಮತ್ತೆ ಮತ್ತೆ ಅಳಿಸಿ, ಮತ್ತೆ ಹಾಕಿ ನೋಡಿದೆ. ಅಂದು ಮನೆಗೆ ಹೋಗುವ ಕೊನೆಯ ಬಸ್ಸು ತಪ್ಪಿತು. ಆಮೇಲೆ ಬಂದ ಎಷ್ಟೋ ದೊಡ್ಡ ಸಲಕರಣೆಗಳು ನನಗೆ ಅಷ್ಟು ಸಂತೋಷ ಕೊಡಲಿಲ್ಲ.

ಬೆರಳಿಟ್ಟು ಓದುವ ಅಭ್ಯಾಸವೂ ಅಲ್ಲಿಂದಲೇ ತಪ್ಪಿತು. ಅದು ನಷ್ಟವೆಂದೇ ನನ್ನ ನಂಬಿಕೆ.

ಯುನಿಕ್ಸ್ ಯಂತ್ರದ ಮುಂದೆ ಕುಳಿತಾಗ, ಬದಲಾದ ಫೈಲುಗಳನ್ನು ತಾನೇ ಗುರುತಿಸಿ ಕಂಪೈಲ್ ಮಾಡಿಸುವ ‘ಮೇಕ್’ ಸಿಕ್ಕಿತು. ಸರಿಪಡಿಸಿದ ಫೈಲನ್ನು ಕಂಪೈಲ್ ಮಾಡಲು ಮರೆತು, ಇಲ್ಲದ ತಪ್ಪನ್ನು ಹುಡುಕುತ್ತ ಬೆಳಗು ಕಳೆದ ಸಹೋದ್ಯೋಗಿಯ ಗೋಳು ಕೇಳಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಅದನ್ನು ಬರೆದರಂತೆ. ಅಂಥ ಬೆಳಗುಗಳನ್ನು ನಾನೂ ಕಳೆದಿದ್ದೆ.

ಇಬ್ಬರು ಒಂದೇ ಫೈಲ್ ತಿದ್ದಿ, ಒಬ್ಬರ ವಾರದ ಕೆಲಸವನ್ನು ಇನ್ನೊಬ್ಬರು ಅಳಿಸಿದ ಮೇಲೆ ನಮ್ಮ ಕಚೇರಿಗೆ ಆರ್‌ಸಿಎಸ್ ಬಂತು. ಅದರಲ್ಲಿ ಒಬ್ಬರು ತಿದ್ದುವಾಗ ಫೈಲಿಗೆ ಬೀಗ. ಸಹೋದ್ಯೋಗಿಯೊಬ್ಬರು ಬೀಗ ತೆಗೆಯದೆಯೇ ತಂಗಿಯ ಮದುವೆಗೆಂದು ಶಿರಸಿಗೆ ಹೋದಾಗ ಒಡೆಯಲು ಮನಸ್ಸಾಗದೆ ನಾಲ್ಕು ದಿನ ಕಾದೆವು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಗಿಟ್ ನಮ್ಮಲ್ಲಿ ಆ ಬೀಗವನ್ನೇ ಇಲ್ಲವಾಗಿಸಿತು. ಸಾವಿರ ಬದಲಾವಣೆಗಳ ನಡುವೆ ತಪ್ಪು ಹೊಕ್ಕದ್ದು ಎಲ್ಲಿ ಎಂದು ಕೇಳಿದರೆ ಅರ್ಧರ್ಧ ಮಾಡುತ್ತ ಹತ್ತೇ ಪರೀಕ್ಷೆಯಲ್ಲಿ ತೋರಿಸುತ್ತದೆ. ಯಾವ ಸಾಲು, ಯಾರದು, ಯಾವತ್ತಿನದು, ಎಲ್ಲ ಹೇಳುತ್ತದೆ.

ಏಕೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ನಿವೃತ್ತಿಯಾದ ಮೇಲೂ ವಾರಕ್ಕೆರಡು ದಿನ ಹೋಗುವ ಕಡೆ, ಕಳೆದ ವರ್ಷ ಹಾಜರಿಯ ಪ್ರೋಗ್ರಾಮಿನಲ್ಲಿ ಒಂದು ಶಾಖೆಗೆ ಮಾತ್ರ 330 ನಿಮಿಷ ಕೂಡಿಸುವ ಸಾಲು ಎದುರಾಯಿತು. ಬರೆದವರು ಕೆಲಸ ಬಿಟ್ಟಿದ್ದರು. ಗಿಟ್‌ನಲ್ಲಿ ಅವರು ಕೊಟ್ಟಿದ್ದ ವಿವರಣೆ ‘ಸರಿಪಡಿಸಿದೆ’ ಎಂಬ ಒಂದೇ ಮಾತು. ಜೊತೆಗೆ ಕೆಲಸ ಮಾಡುವ ಹುಡುಗಿ, ನಾನು ಎರಡು ದಿನ ಹುಡುಕಿದೆವು. ಆ ಶಾಖೆಯ ಹಾಜರಿ ಯಂತ್ರದ ಗಡಿಯಾರ ಗ್ರೀನಿಚ್ ವೇಳೆಗೆ ಇತ್ತು. ನಮ್ಮ ಐದೂವರೆ ಗಂಟೆ ಅದಕ್ಕೆ ಸೇರಬೇಕಿತ್ತು. ಅವಳಿಗೆ ಆ ಪೆನ್ಸಿಲ್ಲಿನ ಗುರುತಿನ ಕತೆ ಹೇಳಿದೆ.

ಕಾರಣ ಬರೆಯಲು ಕುಳಿತವಳು ತಿರುಗಿ ಕೇಳಿದಳು: “ಕನ್ನಡದಲ್ಲೇ ಬರೀಲಾ ಸರ್? ಗಿಟ್ ತಗೊಳುತ್ತೆ.”

“ಬರಿಯಮ್ಮ” ಎಂದೆ.