ಗೋಡೆಯೊಳಗಿನ ಗಲಾಟೆ

ನಾಗಪುರದ ಧರಂಪೇಠದ ನಮ್ಮ ಮನೆಯ ಗೋಡೆಗಳನ್ನು ದಾಟುವ ತಾಕತ್ತು ವೈಫೈಗಿಲ್ಲ. ಹಾಗಾಗಿ ಮಹಡಿಯ ಕೋಣೆಗೆ ಇಂಟರ್ನೆಟ್ಟನ್ನು ಕರೆಂಟಿನ ತಂತಿಯಲ್ಲೇ ಹತ್ತಿಸಿದ್ದೇನೆ. ರೂಟರ್ ಪಕ್ಕ ಒಂದು ಪವರ್‌ಲೈನ್ ಅಡಾಪ್ಟರ್, ಮೇಲೊಂದು. ಡಬ್ಬಿಯ ಮೇಲಿನ 1000 ಎಂಬಿಪಿಎಸ್ ಅನ್ನು ಮದುವೆ ದಲ್ಲಾಳಿಯ ಮಾತಿನಷ್ಟೇ ನಂಬಬೇಕು, ಅದು ಬೇರೆ ಮಾತು.

ಮೊನ್ನೆ ವೇಗ ಪಾತಾಳಕ್ಕಿಳಿಯಿತು. ಹೋಗಿ ನೋಡಿದರೆ, ರಜೆಗೆ ಬಂದ ಭಾವಮೈದುನ ಅಡಾಪ್ಟರನ್ನು ಕಿತ್ತು ಸ್ಪೈಕ್ ಬಸ್ಟರ್‌ಗೆ ಚುಚ್ಚಿದ್ದಾನೆ. ‘ಸೇಫ್ ಅಲ್ವಾ ಭಾವ?’ ಈ ಸ್ಪೈಕ್ ಬಸ್ಟರ್ ಭಕ್ತರ ಜೊತೆ ನನ್ನದು ಮುಗಿಯದ ಜಗಳ. ಅದರೊಳಗಿನ ಫಿಲ್ಟರಿನ ಪಾಲಿಗೆ 50 ಹರ್ಟ್ಸ್ ಕರೆಂಟು ಬಿಟ್ಟು ಮಿಕ್ಕಿದ್ದೆಲ್ಲ ಕಸ. ಮೆಗಾಹರ್ಟ್ಸ್‌ಗಳಲ್ಲಿ ಓಡಾಡುವ ನಮ್ಮ ಡೇಟಾ ಇರುವುದೇ ಆ ಕಸದಲ್ಲಿ! ಗೋಡೆಯ ಸಾಕೆಟ್ಟಿಗೇ ಹಾಕಿ ಅಂದರೆ, ಸಿಡಿಲಿಗೆ ಸುಟ್ಟುಹೋದ ಯಾರದೋ ಟಿವಿಯ ಕಥೆ ತೆಗೆಯುತ್ತಾರೆ. ಇನ್ನೊಂದು ಪಂಗಡದವರದು ಎಲ್ಲ ರೋಗಕ್ಕೂ ಒಂದೇ ಔಷಧ: ‘ಮೆಶ್ ವೈಫೈ ಹಾಕ್ಸಿ ಸಾರ್.’ ಮೇಲಿನ ಕೋಣೆ ರೂಟರ್ ಇರುವ ಫೇಸಿನಲ್ಲೇ ಇದೆಯೇ ಎಂದು ಒಬ್ಬರಾದರೂ ಕೇಳಬೇಕಲ್ಲ.

ವೇಗ ತಿನ್ನುವ ಗದ್ದಲ ಹಿಡಿಯಲು ನನ್ನ ನೆಚ್ಚಿನ ಆಯುಧ ಹಳೇ ಟ್ರಾನ್ಸಿಸ್ಟರ್ ರೇಡಿಯೊ. ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ವೈರಿಂಗಿನ ಪಕ್ಕ ಹಿಡಿದು ನಡೆದರೆ, ತಂತಿಗೆ ಗದ್ದಲ ಸುರಿಯುವ ಚಾರ್ಜರು, ಅಗ್ಗದ ಎಲ್‌ಇಡಿಗಳು ಕೊರ್ರ್ ಎಂದು ತಾವೇ ಹೆಸರು ಹೇಳುತ್ತವೆ. ಒಂದೊಂದೇ ಸ್ವಿಚ್ ಆರಿಸುತ್ತ ಬನ್ನಿ, ಕಳ್ಳ ಸಿಗುತ್ತಾನೆ. 1988ರಲ್ಲಿ ಆಕಾಶವಾಣಿಯ ರಾಷ್ಟ್ರೀಯ ವಾಹಿನಿ ಶುರುವಾದದ್ದು ಇದೇ ನಾಗಪುರದ 1000 ಕಿಲೋವ್ಯಾಟ್ ಟ್ರಾನ್ಸ್‌ಮಿಟರಿನಿಂದ. ರಾತ್ರಿ ದೇಶದ ಬಹುಭಾಗಕ್ಕೆ ಈ ಊರಿನ ದನಿ ಮುಟ್ಟುತ್ತಿತ್ತು. ಆ ವಾಹಿನಿ ಈಗಿಲ್ಲ. ನನ್ನ ರೇಡಿಯೊಗೆ ಸ್ಪಷ್ಟವಾಗಿ ಸಿಗುವ ಸ್ಟೇಷನ್ ನಮ್ಮ ಬಚ್ಚಲಿನ ಬಲ್ಬು.

ನಗು ನಿಲ್ಲುವುದು ಅರ್ತ್ ಹತ್ತಿರ ಬಂದಾಗ. ಈಚಿನ ಕೆಲವು ಅಡಾಪ್ಟರುಗಳು ವೇಗ ಹೆಚ್ಚಿಸಲು ಫೇಸ್, ನ್ಯೂಟ್ರಲ್ ಜೊತೆ ಅರ್ತ್ ತಂತಿಯನ್ನೂ ದುಡಿಸಿಕೊಳ್ಳುತ್ತವೆ. ಮೇಲಿನ ಕೋಣೆಯಲ್ಲಿ ಆ ಲಾಭ ಕಾಣಲಿಲ್ಲವೆಂದು ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದೆ. ಮೂರು ತೂತು, ಎರಡೇ ತಂತಿ. ಅರ್ತಿನ ಹಿತ್ತಾಳೆ ಸ್ಕ್ರೂ ಒಮ್ಮೆಯೂ ತಿರುಗದೆ ಅಂಗಡಿಯಿಂದ ಬಂದ ಹಾಗೇ ಫಳಫಳ. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಊರಿದು. ಆ ಸಾಕೆಟ್ಟಿಗೇ ತಗಡಿನ ಕೂಲರ್. ಒಳಗೆ ನೀರು, ನೀರಿನಲ್ಲಿ ಪಂಪು, ಹೊರಗೆ ಒದ್ದೆ ಕೈ. ಕೂಲರ್ ಶಾಕಿಗೆ ಸತ್ತವರ ಸುದ್ದಿ ವಿದರ್ಭದ ಪತ್ರಿಕೆಗಳಲ್ಲಿ ಬೇಸಿಗೆ ಬಂತೆಂದರೆ ಬರುತ್ತದೆ. ಓದಿ ಅಯ್ಯೋ ಅನ್ನುತ್ತೇವೆ, ಪುಟ ತಿರುಗಿಸುತ್ತೇವೆ, ಕೂಲರಿಗೆ ನೀರು ಹಾಕಲು ಏಳುತ್ತೇವೆ. ಎರಡು ಮಾರು ಹಸಿರು ತಂತಿ ಉಳಿಸಿದವನಿಗೆ ಏನನ್ನಬೇಕು?

ಎಲೆಕ್ಟ್ರಿಷಿಯನ್‌ನನ್ನು ಕರೆಸಿ ತೋರಿಸಿದೆ. ‘ಚಲ್ ತೋ ರಹಾ ಹೈ ನಾ, ಭಾವೂ’ (ನಡೀತಿದೆಯಲ್ಲ, ಅಣ್ಣಾ) ಎಂದ. ಪೈಪಿನಲ್ಲಿ ಇನ್ನೊಂದು ತಂತಿಗೆ ಜಾಗವಿಲ್ಲವಂತೆ, ಗೋಡೆ ಒಡೆಯಬೇಕಂತೆ.

ಒಡಿ ಅಂದೆ.