ರಿಯೊದಲ್ಲೊಂದು ಬೋಳುಬಂಡೆ

ರಿಯೊ ಡಿ ಜನೈರೊಗೆ ಹೋದವರು ಕಡಲನ್ನು ಕೊಂಡಾಡುತ್ತಾರೆ. ನನ್ನ ಕಣ್ಣು ನೆಟ್ಟದ್ದು ಬಂಡೆಯ ಮೇಲೆ. ನೀರಿನಂಚಿನಿಂದಲೇ ಎದ್ದು ನಿಂತ ಷುಗರ್‌ಲೋಫ್ 396 ಮೀಟರ್ ಎತ್ತರದ ಬೋಳುಗಲ್ಲು. ಮಧುಗಿರಿ ಪೇಟೆಯಿಂದ ಅಳೆದರೆ ನಮ್ಮ ಏಕಶಿಲಾ ಬೆಟ್ಟದ ಏರೂ ಹೆಚ್ಚುಕಡಿಮೆ ಅಷ್ಟೇ. ಮೇಲ್ಪದರ ಈರುಳ್ಳಿ ಸಿಪ್ಪೆಯಂತೆ ಸುಲಿದು ಸುಲಿದು ಎರಡೂ ದುಂಡಗಾಗಿವೆ. ವಯಸ್ಸಿನಲ್ಲಿ ನಮ್ಮದೇ ಹಿರಿದು. ರಾಮನಗರದಿಂದ ಮಧುಗಿರಿ, ಪಾವಗಡದತ್ತ ಹಾಯುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಅಲ್ಲಿಯದಕ್ಕೆ 60 ಕೋಟಿಯ ಆಸುಪಾಸು.

ಅಲ್ಲಿ 1912ರಿಂದ ರೋಪ್‌ವೇ ಇದೆ. ಮೊದಲ ಹಂತವಾದ ಉರ್ಕಾ ಗುಡ್ಡವನ್ನು ಕಾಡಿನ ಕಾಲುದಾರಿಯಲ್ಲಿ ನಡೆದೇ ಹತ್ತಿದೆ. ಅಲ್ಲಿಂದ ಮೇಲಕ್ಕೆ ರೋಪ್‌ವೇಯೇ ಗತಿ. ತುದಿಯಲ್ಲಿ ಗ್ವಾನಬಾರಾ ಕೊಲ್ಲಿ, ಬಾಗಿದ ಕೋಪಕಬಾನ ದಂಡೆ, ದೂರದಲ್ಲಿ ಕೈಚಾಚಿದ ಕ್ರಿಸ್ತ, ಕಣ್ಣು ತುಂಬಿತು. ಆದರೂ ಅಂಗಾಲಿಗೆ ಕಲ್ಲು ತಾಗದೆ ಸಿಕ್ಕ ನೋಟ ಅರ್ಧವೇ. 1817ರಲ್ಲಿ ಹೆನ್ರಿಯೆಟಾ ಕಾರ್‌ಸ್ಟೇರ್ಸ್ ಎಂಬ ಬ್ರಿಟಿಷ್ ದಾದಿ ಇದೇ ಬಂಡೆಯನ್ನು ಕೈಕಾಲು ಊರಿ ಏರಿದಳು. ಅವಳಿಗೆ ಕಂಡ ಕಡಲೇ ಬೇರೆ.

ಬೋಳುಬಂಡೆ ಹತ್ತುವುದಕ್ಕೆ ಒಂದು ವರಸೆಯಿದೆ. ಬೆರಳ ತುದಿಯಲ್ಲಿ ಹತ್ತಬಾರದು, ಹಿಮ್ಮಡಿಯೂ ಸೇರಿ ಇಡೀ ಪಾದ ಕಲ್ಲಿಗೆ ಅಂಟಬೇಕು. ಮೈ ನೆಟ್ಟಗಿರಬೇಕು. ಹೆದರಿದವರು ಕಲ್ಲಿನತ್ತ ಬಾಗುತ್ತಾರೆ. ಬಾಗಿದಷ್ಟೂ ಪಾದದ ಹಿಡಿತ ತಪ್ಪುತ್ತದೆ. ಕಡಿದಾದ ಕಡೆ ನೇರ ಏರದೆ ಓರೆಯಾಗಿ ನಡೆಯಬೇಕು. ಇಳಿಯುವಾಗ ಮಂಡಿ ಸಡಿಲ, ಹೆಜ್ಜೆ ಚಿಕ್ಕದು. ಬರಿಗಾಲಾದರೆ ಎಲ್ಲಕ್ಕಿಂತ ಮೇಲು.

ವಾರಾಂತ್ಯಕ್ಕೆ ಮಧುಗಿರಿಗೆ ಬರುವ ಗುಂಪುಗಳಿಗೆ ಇದನ್ನು ಹೇಳಿ ಸಾಕಾಗಿದೆ. ದುಬಾರಿ ಶೂ ಹಾಕಿಕೊಂಡು ಕಂಬಿಗೆ ಜೋತುಬೀಳುತ್ತಾರೆ, ಇಳಿಯುವಾಗ ಕೂತು ಜಾರುತ್ತಾರೆ. ಅದು ಹೋಗಲಿ, ಅವರವರ ಚಡ್ಡಿ. ಬೆನ್ನಿಗೆ ಸ್ಪೀಕರ್ ಕಟ್ಟಿಕೊಂಡು ಇಡೀ ಬೆಟ್ಟಕ್ಕೆ ಹಾಡು ಕೇಳಿಸುವುದೇಕೆ? ನೀರಿನ ಬಾಟಲಿಯನ್ನು ಕಲ್ಲಿನ ಸಂದಿಗೆ ತುರುಕುವುದೇಕೆ? ಕೋಟೆಗೋಡೆಯ ಮೇಲೆ ಹೆಸರು ಗೀಚುವವರನ್ನಂತೂ ಅಲ್ಲೇ ಹಿಡಿದು ದಂಡ ಹಾಕಬೇಕು. ಆ ಗೋಡೆ ಎಬ್ಬಿಸಿದವರು ಬಂಡೆಯ ಇಳಿಜಾರನ್ನು ಅಂಗಾಲಲ್ಲೇ ಅರಿತವರು. ಎಲ್ಲಿ ಗೋಡೆ ನಿಲ್ಲುತ್ತದೆ, ಎಲ್ಲಿ ಬಾಗಿಲು ಇಟ್ಟರೆ ಏರಿ ಬಂದವನಿಗೆ ಉಸಿರು ಕಟ್ಟುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಮಧುಗಿರಿಗೂ ರೋಪ್‌ವೇ ಬೇಕೆಂಬ ಮಾತು ಬಹಳ ದಿನದಿಂದಿದೆ. ಮಂಡಿ ಸೋತ ಹಿರಿಯರೂ ತುದಿ ಮುಟ್ಟಿ, ಶಿರಾ ಕಡೆಗೆ ಹಬ್ಬಿದ ಬಯಲು ನೋಡಲಿ, ಬೇಡವೆನ್ನುವುದಿಲ್ಲ. ಕಾಲಿನ ದಾರಿಯನ್ನು ಮಾತ್ರ ಮುಚ್ಚಬಾರದು. ರಿಯೊದಲ್ಲಿ ಇವತ್ತಿಗೂ ಹಗ್ಗ ಕಟ್ಟಿಕೊಂಡು ಷುಗರ್‌ಲೋಫ್ ಏರುವವರಿದ್ದಾರೆ. ಅಲ್ಲಿಯವರೆಗೆ ಹೋಗಲಾಗದವರು ಕೊರಟಗೆರೆ ಸೀಮೆಯ ಚನ್ನರಾಯನದುರ್ಗಕ್ಕೆ ಹೋಗಿ. ಬೆಳಕು ಹರಿಯುವಾಗಲೇ ಹತ್ತಿ. ಬಿಸಿಲೇರಿದರೆ ಇಳಿಯುವಾಗ ಅಂಗಾಲು ಸುಡುತ್ತದೆ.